ಮತ್ತೆ ಬನ್ನಿ ಎಂದ ಆಸ್ಪತ್ರೆ

ಜೋಗುಪಾಳ್ಯದಲ್ಲಿ ವಿಮಲಾಕ್ಷಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಜನ ಯೋಚನೆ ಮಾಡುತ್ತಿದ್ದರು. ರೊಟ್ಟಿ ವಿಮಲಕ್ಕನ ಮನೆ ಎಂದರೆ ಹಾಲಿನ ಬೂತಿನವರು ಕೂತಲ್ಲಿಂದಲೇ ಬೆರಳು ತೋರಿಸುತ್ತಿದ್ದರು. ನಮ್ಮ ವಠಾರದಲ್ಲಿ ನಮಗೆ ಎದುರು ಮನೆ ಅವರದು. ಮದುವೆಯಾಗಿ ಸಿಂಧನೂರಿನ ಕಡೆಯಿಂದ ಬಂದವರು. ಗಂಡ ಪ್ರಭುಲಿಂಗಪ್ಪನವರಿಗೆ ಕೆ.ಆರ್. ಪುರದ ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಅವರು ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದ ಮೇಲೆ ವಿಮಲಕ್ಕ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯಲು ಶುರು ಮಾಡುತ್ತಿದ್ದರು. ಇಂದಿರಾನಗರದಲ್ಲಿ ನೆಲೆಸಿದ್ದ ಉತ್ತರ ಕರ್ನಾಟಕದ ಮನೆಗಳಿಗೆಲ್ಲ ಅವರ ಕೈಯ ಖಡಕ್ ರೊಟ್ಟಿಯೇ ಆಗಬೇಕಿತ್ತು.

ಅನುಮಾನ ಅವರ ಹುಟ್ಟುಗುಣ. ಹಿಟ್ಟಿನ ಗಿರಣಿಗೆ ಜೋಳ ಕೊಟ್ಟು ಮನೆಗೆ ಬರುವವರಲ್ಲ. ಹಿಂದಿನವರ ರಾಗಿ ತಮ್ಮ ಜೋಳಕ್ಕೆ ಸೇರುತ್ತದೆಂದು ಮೂಗಿಗೆ ಸೆರಗು ಕಟ್ಟಿಕೊಂಡು ಅಲ್ಲೇ ನಿಂತು, ಮೊದಲು ಬಿದ್ದ ಹಿಟ್ಟನ್ನು ಬೇರೆ ತೆಗೆಸುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನ ಎದುರಿಗೇ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡದೆ ಅವನನ್ನು ಕಳಿಸುತ್ತಿರಲಿಲ್ಲ.

"ನಿನ್ನನ್ನ ಯಮ ಕರ್ಕೊಂಡು ಹೋಗೋಕೆ ಬಂದ್ರೂ ಗುರುತಿನ ಚೀಟಿ ತೋರಿಸು ಅಂತೀಯ" ಎಂದು ಪ್ರಭುಲಿಂಗಪ್ಪನವರು ನಗುತ್ತಿದ್ದರು.

"ಅನ್ಬೇಕಲ್ವೇನ್ರೀ. ಪಕ್ಕದ ಮನೆಗೆ ಬಂದೋನು ತಪ್ಪಿ ನಮ್ಮನೆಗೆ ಬಂದಿದ್ರೆ?"

ಇದೆಲ್ಲ ನಗುವ ಮಾತು. ಆಸ್ಪತ್ರೆಗಳ ವಿಷಯದಲ್ಲಿ ಅವರ ಅನುಮಾನ ನಗುವಂಥದ್ದಲ್ಲ. ಅದಕ್ಕೆ ಕಾರಣ ಅವರ ಅಕ್ಕ ಸಾಬಮ್ಮ. ಊರಿನಲ್ಲೇ ಇದ್ದ ಸಾಬಮ್ಮನವರು ಬಿಳಿ ಹೋಗುತ್ತದೆ ಎಂದು ಹತ್ತಿರದ ಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಹೋದರು. ಅಲ್ಲಿ ಏನೋ ಪರೀಕ್ಷೆ ಮಾಡಿ, ಮತ್ತೆ ಬನ್ನಿ ಎಂದರು. ಹೋದರು. ಪುನಃ ಮತ್ತೆ ಬನ್ನಿ ಎಂದರು. ಆ ಸಲ ಹೋದಾಗ ಸೂಜಿ ಚುಚ್ಚಿ ಮಲಗಿಸಿದರು. ಎಚ್ಚರವಾದಾಗ ಗರ್ಭಕೋಶ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಕ್ಯಾನ್ಸರ್ ಆಗುತ್ತಿತ್ತು ಎಂದರಂತೆ. ನಿಜವಾಗಿ ಆಗುತ್ತಿತ್ತೇ ಎಂದು ಕೇಳಲು ಬೇರೆ ಯಾರೂ ಇರಲಿಲ್ಲ. ನಲವತ್ತೂ ತುಂಬದ ಹೆಂಗಸು, ಚಳಿಗಾಲದಲ್ಲೂ ಮೈಯೆಲ್ಲ ಬೆವರಿ, ಸೊಂಟ ಹಿಡಿದು, ರೊಟ್ಟಿ ಬಡಿಯಲು ನೆಲದ ಮೇಲೆ ಕೂರಲಾಗದಂತೆ ಆದರು. ಆಮೇಲೆ ವಿಚಾರಿಸಿದರೆ ಅದೇ ಓಣಿಯ ಎಷ್ಟೋ ಹೆಂಗಸರಿಗೆ ಅದೇ ನರ್ಸಿಂಗ್ ಹೋಮಿನಲ್ಲಿ ಅದೇ ಆಗಿತ್ತು.

ವಿಮಲಕ್ಕ ಇದನ್ನು ನನಗೆ ಹೇಳಿದ್ದು ಜೋಳ ಹಸನು ಮಾಡುತ್ತ ಕೂತಿದ್ದಾಗ. ಹೇಳಿ ಮುಗಿಸಿ ಮೊರವನ್ನು ಕೆಳಗಿಟ್ಟು, "ನನ್ನದಕ್ಕೆ ಯಾರೂ ಕೈ ಹಾಕಬಾರದು ತಂಗಿ. ಸತ್ರೆ ಅದ್ರ ಜೊತೆಗೇ ಮಣ್ಣಿಗೆ ಹೋಗ್ತೀನಿ" ಎಂದರು.

ಸೋಮವಾರ ಸಂಜೆ ಅವರ ಮನೆಯಲ್ಲಿ ನಮ್ಮ 'ಅಕ್ಕನ ಬಳಗ' ಸೇರುತ್ತಿತ್ತು. ಹತ್ತಿರದ ಬೀದಿಗಳ ಲಿಂಗಾಯತ ಹೆಂಗಸರು ಕೂತು ವಚನ ಹಾಡುವುದು, ಆಮೇಲೆ ಚುರುಮುರಿ ತಿಂದು ಮನೆಗೆ ಹೋಗುವುದು. ೧೯೯೯ರಲ್ಲಿ, ಶ್ರಾವಣ ಮುಗಿದ ಮೇಲಿನ ಒಂದು ಸೋಮವಾರ, ಜಹನಾರಾ ಎಂಬುವರು ಅಲ್ಲಿಗೆ ಬಂದರು. ಶಿವಾಜಿನಗರದವರು. ಕಾಕ್ಸ್ ಟೌನಿನ ಒಂದು ಧರ್ಮಾರ್ಥ ಆಸ್ಪತ್ರೆಯ ಪರವಾಗಿ ಮನೆಮನೆಗೆ ಹೋಗಿ ಹೆಂಗಸರಿಗೆ ತಿಳಿವಳಿಕೆ ಹೇಳುವುದು ಅವರ ಕೆಲಸ. ಹಾಡು ಮುಗಿಯುವವರೆಗೆ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದರು. ಅದು ನನಗೆ ಇಷ್ಟವಾಯಿತು. ವಿಮಲಕ್ಕನಿಗೆ ಅದರಲ್ಲೂ ಅನುಮಾನ. "ಇಷ್ಟು ತಾಳ್ಮೆ ಇರೋರು ಏನೋ ಬೇಕಾಗೇ ಬಂದಿರ್ತಾರೆ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಜಹನಾರಾ ಮೆಲ್ಲಗೆ ಶುರು ಮಾಡಿದರು. "ಗರ್ಭಕೋಶಕ್ಕೆ ಒಂದು ಬಾಯಿ ಇರುತ್ತೆ ಅಮ್ಮಾ. ಅಲ್ಲಿ ಒಂದು ಕಡ್ಡೀಲಿ ಸವರಿ, ಗಾಜಿನ ಮೇಲೆ ಹಚ್ಚಿ, ದುರ್ಬೀನಲ್ಲಿ ನೋಡ್ತಾರೆ. ಕ್ಯಾನ್ಸರ್ ಬರೋಕೆ ಮುಂಚೇನೇ ತಿಳಿಯುತ್ತೆ. ನೋವಾಗಲ್ಲ. ದುಡ್ಡೂ ಇಲ್ಲ."

"ದುಡ್ಡು ಯಾಕಿಲ್ಲ?" ಎಂದರು ವಿಮಲಕ್ಕ.

"ದಾನಿಗಳು ಕೊಡ್ತಾರೆ ಅಮ್ಮಾ."

"ಅವರಿಗೇನು ಬರುತ್ತೆ?"

"ಸವಾಬು. ಪುಣ್ಯ."

"ಪುಣ್ಯ ಮಾಡೋಕೆ ನಮ್ಮ ಗರ್ಭಕೋಶವೇ ಸಿಕ್ತಾ ಸಿಸ್ಟರ್? ಬಾವಿ ತೋಡ್ಸೋದು, ಅನ್ನ ಹಾಕೋದು, ಎಲ್ಲಾ ಮುಗಿದುಹೋಯ್ತಾ?"

ಬಳಗದಲ್ಲಿ ನಗು ಎದ್ದಿತು. ಜಹನಾರಾ ಕೂಡ ನಕ್ಕರು. "ನಮ್ಮ ಗಲ್ಲೀಲೂ ಹೀಗೇ ಕೇಳಿದ್ರು ಅಮ್ಮಾ. ನಾನೇ ಮೊದಲು ಮಾಡಿಸ್ಕೊಂಡೆ. ಈಗಲೂ ನಿಮ್ಮ ಮುಂದೆ ನಿಂತಿದ್ದೀನಲ್ಲ."

ಮಾಡಿಸಿಕೊಂಡವರೇ ಎದುರಿಗಿದ್ದಾರೆ ಎಂದು ವಿಮಲಕ್ಕ ಸ್ವಲ್ಪ ಮೆತ್ತಗಾಗಿ ಒಂದೊಂದೇ ಷರತ್ತು ಹಾಕಿದರು. ಹೆಣ್ಣು ಡಾಕ್ಟರೇ ಇರಬೇಕು. ಯಾರಿಗೂ ಸೂಜಿ ಹಾಕಿ ಮಲಗಿಸಬಾರದು. ಎಲ್ಲರೂ ಒಟ್ಟಿಗೆ ಹೋಗಿ ಒಟ್ಟಿಗೆ ಬರಬೇಕು. ಜಹನಾರಾ ಎಲ್ಲದಕ್ಕೂ ಒಪ್ಪಿದರು. "ಮುಟ್ಟಾಗಿರೋರು ಬರಬೇಡಿ. ಆಮೇಲೆ, ಬರೋ ಹಿಂದಿನ ದಿನ..." ಎನ್ನುವಾಗ ಪ್ರಭುಲಿಂಗಪ್ಪನವರು ಊಟದ ಡಬ್ಬಿ ಹಿಡಿದುಕೊಂಡು ಒಳಗೆ ಬಂದರು. ಜಹನಾರಾ ತಲೆಯ ಮೇಲೆ ಸೆರಗು ಎಳೆದುಕೊಂಡು, "ಅಷ್ಟೇ ಅಮ್ಮಾ, ಗುರುವಾರ ಬನ್ನಿ" ಎಂದು ಎದ್ದುಬಿಟ್ಟರು.

ಬುಧವಾರ ಸಂಜೆ ವಿಮಲಕ್ಕ ಮನೆಮನೆಗೆ ಹೋಗಿ ಬೇವಿನ ಸೊಪ್ಪು ಹಂಚಿದರು. ಅದನ್ನು ಅರಿಶಿನದ ಜೊತೆ ಕುದಿಸಿ, ಆರಿಸಿ, ರಾತ್ರಿ ಒಂದು ಸಲ, ಬೆಳಿಗ್ಗೆ ಒಂದು ಸಲ, ಒಳಗೂ ಹೊರಗೂ ಚೆನ್ನಾಗಿ ತೊಳೆದುಕೊಳ್ಳಬೇಕೆಂದು ಹೇಳಿದರು.

"ಒಳಗೂನಾ?" ಎಂದು ಶಾಂತವೀರಮ್ಮ ಕೇಳಿದರು. ಇವರು ಹಿಂದಿನ ಬೀದಿಯವರು, ಬಳಗದಲ್ಲಿ ಎಲ್ಲರಿಗಿಂತ ಮಾತು ಹೆಚ್ಚು.

"ಮತ್ತೆ? ಅವರು ಬೇರೆ ಎಲ್ಲಿ ನೋಡ್ತಾರೆ? ಲಿಂಗ ಕಟ್ಟಿದ ಮೈ ನಮ್ಮದು. ಡಾಕ್ಟ್ರು ಮೂಗು ಮುಚ್ಕೊಂಡ್ರೆ ಬಳಗದ ಮಾನ ಹೋಗುತ್ತೆ."

ಮನೆಗೆ ಯಾರಾದರೂ ಬರುತ್ತಾರೆಂದರೆ ನೆಲ ಸಾರಿಸುವುದಿಲ್ಲವೇ, ಹಾಗೆ ಎಂದುಕೊಂಡೆವು. ಎಲ್ಲರೂ ಹಾಗೇ ಮಾಡಿದೆವು. ನಾನೂ ಮಾಡಿದೆ.

ಗುರುವಾರ ಸ್ನಾನ, ಲಿಂಗಪೂಜೆ ಮುಗಿಸಿ ಒಟ್ಟಾಗಿ ಹೋದೆವು. ಆಸ್ಪತ್ರೆಯವರು ಕಾಕ್ಸ್ ಟೌನಿನ ಒಂದು ಶಾಲೆಯ ಕೋಣೆಯಲ್ಲಿ ಏರ್ಪಾಡು ಮಾಡಿದ್ದರು. ಜೋಗುಪಾಳ್ಯದ ಕೆಳಗಿನ ಬೀದಿಯ ತಮಿಳು ಹೆಂಗಸರೂ ಬಂದು ಕೂತಿದ್ದರು. ಒಳಗೆ ಹಸಿರು ಪರದೆ, ಅದರ ಹಿಂದೆ ಎತ್ತರದ ಮೇಜು. ಡಾಕ್ಟರಮ್ಮ ವಯಸ್ಸಾದವರು, ತಮಿಳು ಬೆರೆತ ಕನ್ನಡದಲ್ಲಿ ಮಾತಾಡುತ್ತಿದ್ದರು. ಕಾಲು ಮಡಿಸಿ ಅಗಲ ಮಾಡಿ ಎಂದಾಗ ಸೂರಿನ ಕಡೆ ನೋಡುವುದಲ್ಲದೆ ಬೇರೆ ಏನೂ ತೋಚುವುದಿಲ್ಲ. ತಣ್ಣನೆಯ ಉಕ್ಕು ಒಳಗೆ ಹೋಗಿ ಅಗಲವಾಗುತ್ತದೆ. ನೋವಲ್ಲ, ಆದರೆ ಯಾರೋ ನಮ್ಮ ಮನೆಯ ಬಾಗಿಲನ್ನು ನಾವು ಒಳಗಿರುವಾಗಲೇ ಹೊರಗಿನಿಂದ ತೆಗೆದ ಹಾಗೆ. ನಾನು ಶಿವನ ಹೆಸರು ಹೇಳಿಕೊಂಡೆ. ಅಷ್ಟರಲ್ಲಿ ಮುಗಿದಿತ್ತು. ವಿಮಲಕ್ಕ ಮಾತ್ರ ಕೊರಳಿನ ಲಿಂಗದ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ತಲೆ ಎತ್ತಿ, ಡಾಕ್ಟರ ಕೈಯನ್ನೇ ನೋಡುತ್ತಿದ್ದರಂತೆ. "ತಲೆ ಕೆಳಗಿಡಮ್ಮಾ" ಎಂದು ಅವರು ಹೇಳಿ ಹೇಳಿ ಸಾಕಾಗಿ ಬಿಟ್ಟರಂತೆ.

ಮುಂದಿನ ತಿಂಗಳು ಒಂದು ಸೋಮವಾರ ಜಹನಾರಾ ಬಂದರು. ಮುಖದಲ್ಲಿ ನಗು ಇರಲಿಲ್ಲ. ಬಳಗದ ಹೆಂಗಸರೆಲ್ಲರೂ ಮತ್ತೊಮ್ಮೆ ಬರಬೇಕು, ಗಾಜಿನ ಮೇಲೆ ಏನೂ ಸರಿಯಾಗಿ ಬಂದಿಲ್ಲ ಎಂದರು.

"ಎಲ್ಲರದ್ದೂ?" ಎಂದು ವಿಮಲಕ್ಕ ಕೇಳಿದರು.

"ನಿಮ್ಮ ಬಳಗದ್ದು ಅಮ್ಮಾ."

"ಕೆಳಗಿನ ಬೀದಿಯವರದ್ದು?"

"ಅವರದ್ದು ಸರಿ ಬಂದಿದೆ. ಏನೂ ತೊಂದರೆ ಇಲ್ಲ ಅಂದಿದ್ದಾರೆ."

 ವಿಮಲಕ್ಕ ನಿಧಾನವಾಗಿ, "ಮತ್ತೆ ಬನ್ನಿ ಅಂತೀರಾ?" ಎಂದರು. ಆ ಮಾತಿನ ಹಿಂದೆ ಏನಿದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಜಹನಾರಾ ಹೋದ ಮೇಲೆ ಬಳಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅನುಮಾನ. ಒಟ್ಟಿಗೆ ಎಲ್ಲರಿಗೂ ರೋಗ ಬರಲು ಸಾಧ್ಯವೇ? ಬರದಿದ್ದರೆ ಕರೆಯುವುದು ಯಾಕೆ? ಡಾಕ್ಟರು ತಮಿಳಿನವರು, ತಮಿಳಿನವರನ್ನು ಬಿಟ್ಟಿದ್ದಾರೆ ಎಂದು ಒಬ್ಬರು. ಶಾಂತವೀರಮ್ಮ ಚುರುಮುರಿ ಅಗಿಯುತ್ತ, "ರೊಟ್ಟಿ ತಿಂದು ಗಟ್ಟಿಯಾಗಿದ್ದೀವಲ್ಲ, ನಮ್ಮ ಗರ್ಭಕೋಶಕ್ಕೆ ರೇಟು ಜಾಸ್ತಿ ಇರ್ಬೇಕು" ಎಂದರು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಅಲ್ಲಾ ವಿಮಲಕ್ಕ, ನಮ್ಮನ್ನೆಲ್ಲ ಸೇರಿಸಿ ಕರ್ಕೊಂಡು ಹೋದೋಳು ನೀನು. ನಿನಗೇನಾದ್ರೂ ಕೊಡ್ತಾರಾ ಅವರು?" ಎಂದು ಕೇಳಿದರು.

ಊರನ್ನೆಲ್ಲ ಅನುಮಾನಿಸುತ್ತಿದ್ದ ವಿಮಲಕ್ಕನನ್ನು ಒಬ್ಬರು ಅನುಮಾನಿಸಿದ್ದು ಅದೇ ಮೊದಲು. ಅವರು ಚುರುಮುರಿಯ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ಮುಂದಿನ ಸೋಮವಾರ ಹಾಡಲು ಬಂದವರು ಕಡಿಮೆ.

ಮರುದಿನ ವಿಮಲಕ್ಕ ಬೀದಿಯ ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಫೋನು ಮಾಡಿದರು. ನಾನು ಪಕ್ಕದಲ್ಲಿದ್ದೆ. ಸಾಬಮ್ಮನವರ ದನಿ ಹೊರಗೂ ಕೇಳುತ್ತಿತ್ತು. "ಹೋಗಬ್ಯಾಡ ವಿಮಲಿ. ನನಗೂ ಹಿಂಗ ಅಂದಿದ್ರು. ಮೊದ್ಲ ಗಾಜು, ಆಮ್ಯಾಲ ಕತ್ತರಿ. ನನ್ನ ನೋಡಿ ಬುದ್ಧಿ ಕಲಿ."

"ಹೋಗಂಗಿಲ್ಲ ಅಕ್ಕಾ" ಎಂದು ವಿಮಲಕ್ಕ ಫೋನಿಟ್ಟರು.

ಆದರೆ ಸುಮ್ಮನಿರುವುದು ಅವರಿಂದ ಆಗಲಿಲ್ಲ. ಮೋಸ ಎಂದಾದರೆ ಅದು ಎಲ್ಲಿದೆ ಎಂದು ಕಂಡುಹಿಡಿಯಬೇಕು. ಗಿರಣಿಯಲ್ಲಿ ನಿಂತು ನೋಡುವ ಹಾಗೆ ಇದನ್ನೂ ನೋಡಲು ಹೊರಟರು. ಕೆಳಗಿನ ಬೀದಿಯಲ್ಲಿ ಅಮಲೋರ್ಪವಂ ಎಂಬ ಹೂ ಮಾರುವ ಹೆಂಗಸು ಇದ್ದರು. ಅವರೂ ಆ ದಿನ ಪರೀಕ್ಷೆಗೆ ಬಂದಿದ್ದರು. ವಿಮಲಕ್ಕ ಒಂದು ಕಟ್ಟು ರೊಟ್ಟಿ ತೆಗೆದುಕೊಂಡು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು.

"ನಿಮ್ಗೆ ಮತ್ತೆ ಬರೋಕೆ ಹೇಳ್ಲಿಲ್ವಂತೆ?"

"ಇಲ್ಲಕ್ಕಾ. ನಲ್ಲಾ ಇದೆ ಅಂದ್ರು."

"ಮೊದಲೇ ಆ ಡಾಕ್ಟ್ರು ಗೊತ್ತಾ?"

"ಎಲ್ಲಿಂದ ಗೊತ್ತು? ನಾನು ಹೂವು, ಅವ್ರು ಡಾಕ್ಟ್ರು."

"ಏನಾದ್ರೂ ಕೊಟ್ರಾ ಅವರಿಗೆ?"

ಅಮಲೋರ್ಪವಂ ಹೂ ಕಟ್ಟುವ ಕೈ ನಿಲ್ಲಿಸಿ ನೋಡಿದರು. "ಏನು ಕೊಡ್ಲಿ ಅಕ್ಕಾ, ಕನಕಾಂಬರ ಮುಡಿಸ್ಲಾ? ನೀವು ಬೇರೆ. ಆವತ್ತು ನಮ್ಮ ಬೀದೀಲಿ ನೀರೇ ಬಂದಿರ್ಲಿಲ್ಲ. ಮುಖ ತೊಳ್ಯೋಕೂ ಗತಿ ಇರ್ಲಿಲ್ಲ. ನಾಚಿಕೆ ಆಯ್ತು, ಆದ್ರೂ ಹಂಗೇ ಹೋದ್ವಿ ಎಲ್ಲರೂ."

ವಾಪಸು ಹೊರಟ ವಿಮಲಕ್ಕ ಸೋಮೇಶ್ವರನ ಗುಡಿಯ ಹತ್ತಿರ ಬಂದಾಗ ನಿಂತು, "ತೊಳ್ಕೊಂಡು ಹೋದೋರು ನಾವು, ತೊಳ್ಕೊಳ್ದೆ ಹೋದೋರು ಅವರು. ಕರೀಬೇಕಾಗಿದ್ದು ಅವರನ್ನಲ್ವಾ? ಇದರಲ್ಲೇ ಇದೆ ತಂಗಿ ಕಳ್ಳತನ" ಎಂದರು.

ಮುಂದಿನ ವಾರ ಜಹನಾರಾ ಬಂದಾಗ ವಿಮಲಕ್ಕ ಅವರನ್ನು ಒಳಗೆ ಕರೆದು, ಕೂರಿಸಿ, ಬಾಗಿಲು ಮುಂದಕ್ಕೆ ಹಾಕಿ, ಎದುರಿಗೆ ಕೂತರು.

"ನೋಡಿ ಸಿಸ್ಟರ್, ನಾನು ವಿಚಾರಿಸಿದ್ದೀನಿ. ಕೆಳಗಿನ ಬೀದಿಯೋರು ಸ್ನಾನ ಕೂಡ ಮಾಡ್ದೆ ಬಂದಿದ್ರು. ಅವರನ್ನ ಬಿಟ್ರಿ. ನಾವು ಬೇವು ಅರಿಶಿನ ಕುದಿಸಿ, ಎರಡೆರಡು ಸಲ ಒಳಗಿಂದ ತೊಳ್ಕೊಂಡು ಬಂದೋರು. ನಮ್ಮನ್ನ ಕರೀತಿದ್ದೀರಿ. ಇದಕ್ಕೇನು ಹೇಳ್ತೀರಿ?"

ಜಹನಾರಾ ಮುಂದಕ್ಕೆ ಬಾಗಿ, "ಒಳಗಿಂದ ತೊಳ್ಕೊಂಡ್ರಾ? ಎಲ್ಲರೂ?" ಎಂದು ಕೇಳಿದರು.

"ಎಲ್ಲರೂ. ನಾನೇ ಹೇಳಿದ್ದು."

"ಯಾ ಅಲ್ಲಾ" ಎಂದು ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಕೈ ತೆಗೆದಾಗ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯುವಂತಿರಲಿಲ್ಲ. "ಅಮ್ಮಾ, ಆ ಕಡ್ಡೀಲಿ ತೆಗೆಯೋದೇ ಅಲ್ಲಿ ಅಂಟಿಕೊಂಡಿರೋ ಕೊಳೆ ಥರದ್ದನ್ನ. ಅದರಲ್ಲೇ ಎಲ್ಲಾ ಕಾಣಿಸೋದು. ನೀವು ತೊಳೆದು ಕಳಿಸಿಬಿಟ್ರಿ. ಖಾಲಿ ಗಾಜಲ್ಲಿ ಅವರೇನು ನೋಡ್ತಾರೆ? ಹಿಂದಿನ ದಿನದಿಂದ ಒಳಗೆ ತೊಳೀಬಾರದು ಅಂತ ಎಲ್ಲಾ ಕಡೆ ಹೇಳ್ತೀನಿ. ಇಲ್ಲಿ ಹೇಳೋ ಹೊತ್ತಿಗೆ ನಿಮ್ಮ ಯಜಮಾನ್ರು ಬಂದ್ಬಿಟ್ರು. ಗಂಡಸರ ಮುಂದೆ ಆ ಮಾತು ನನಗೆ ಬಾಯಿಗೆ ಬರ್ಲಿಲ್ಲ ಅಮ್ಮಾ."

ವಿಮಲಕ್ಕ ಅವರ ಮುಖವನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಎದ್ದು ಚಹಾ ಇಡಲು ಹೋದರು. ಜಹನಾರಾ ಕುಡಿದು ಹೋದ ಮೇಲೆ ನನಗೆ ಹೇಳಿದರು: "ನಿಜ ಇರಬಹುದು. ಇಲ್ಲಾ, ನಾನು ಹೇಳಿದ್ದನ್ನ ಕೇಳ್ಕೊಂಡು ಅಲ್ಲೇ ಕಟ್ಟಿದ ಕಥೆಯೂ ಇರಬಹುದು. ಮೊದಲು ನಾನೊಬ್ಬಳೇ ಹೋಗಿ ನೋಡ್ತೀನಿ. ಬೇರೆಯೋರನ್ನ ಕರೆಯೋದು ಆಮೇಲೆ."

ಹಾಗೆ ಅವರು ಎರಡನೇ ಸಲ ಹೋದರು, ಈ ಸಲ ಆಸ್ಪತ್ರೆಗೇ. ಮೈಗೆ ಸ್ನಾನ ಮಾಡಿದರು, ಪೂಜೆ ಮಾಡಿದರು, ಆದರೆ ಒಳಗೆ ನೀರು ಸೋಕಿಸಲಿಲ್ಲ. ದಾರಿಯಲ್ಲಿ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎನಿಸಿತಂತೆ. ಗಾಜು ಈ ಸಲ ಖಾಲಿ ಬರಲಿಲ್ಲ. ಡಾಕ್ಟರಮ್ಮನೇ ಹೇಳಿಕಳಿಸಿದರು: ವಿಮಲಾಕ್ಷಮ್ಮ ಮತ್ತೆ ಬರಬೇಕು, ಗಂಡನನ್ನೂ ಕರೆದುಕೊಂಡು ಬರಬೇಕು.

ಆ ದಿನ ರೊಟ್ಟಿಯ ಸದ್ದು ಕೇಳಲಿಲ್ಲ. ನಾನು ಹೋಗಿ ನೋಡಿದರೆ ಅವರು ಒಲೆಯ ಮುಂದೆ ಹಿಟ್ಟು ನಾದಿ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. "ಅಕ್ಕನಿಗೂ ಇಷ್ಟಕ್ಕೇ ಬಂದು ನಿಂತಿತ್ತು" ಎಂದರು. "ಇನ್ನೊಂದು ಹೆಜ್ಜೆ ಅಷ್ಟೇ. ನಾನೇ ನಡ್ಕೊಂಡು ಹೋಗಿ ಬಲೆಗೆ ಬಿದ್ದೆ."

ಪ್ರಭುಲಿಂಗಪ್ಪನವರು ಕಾರ್ಖಾನೆಗೆ ರಜ ಹಾಕಿದರು. ಹೋಗುವುದು ಬೇಡ ಎಂದರು ವಿಮಲಕ್ಕ. ಹೋಗಿ ಕೇಳಿಕೊಂಡು ಬರೋಣ, ಕೇಳುವುದಕ್ಕೇನು ಎಂದರು ಅವರು. ಎರಡು ದಿನ ಆ ಮನೆಯಲ್ಲಿ ಇದೇ ಮಾತು. ಕೊನೆಗೆ ಮೂವರೂ ಹೋದೆವು.

ಡಾಕ್ಟರಮ್ಮ ಬಿಳಿ ಕಾಗದದ ಮೇಲೆ ಪೇರಲೆ ಹಣ್ಣಿನ ಆಕಾರ ಬರೆದು, ಅದರ ತುದಿಯಲ್ಲಿ ಒಂದು ಚುಕ್ಕೆ ಇಟ್ಟರು. ಈ ಜಾಗದಲ್ಲಿ ಮೇಲಿನ ಪದರ ಸ್ವಲ್ಪ ಕೆಟ್ಟಿದೆ, ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ಎಷ್ಟೋ ವರ್ಷಗಳ ಮೇಲೆ ಆಗಬಹುದು, ಆಗದೆಯೂ ಇರಬಹುದು ಎಂದರು. ಅಷ್ಟು ಜಾಗವನ್ನು ಗ್ಯಾಸಿನಿಂದ ಹೆಪ್ಪುಗಟ್ಟಿಸಿದರೆ ಕೆಟ್ಟ ಪದರ ಉದುರಿ ಹೊಸದು ಬರುತ್ತದಂತೆ.

"ಆಗಬಹುದು, ಆಗದೆಯೂ ಇರಬಹುದು" ಎಂದು ವಿಮಲಕ್ಕ ಆ ಮಾತನ್ನೇ ಹಿಡಿದುಕೊಂಡರು. "ನಮ್ಮಕ್ಕನಿಗೆ ಆಗೇ ಆಗುತ್ತೆ ಅಂದಿದ್ರು."

"ಹಂಗೆ ಯಾರೂ ಹೇಳಕ್ಕಾಗಲ್ಲಮ್ಮಾ."

"ಗರ್ಭಕೋಶ ತೆಗೀತೀರಾ?"

"ಇಲ್ಲ."

"ಈಗ ಇಲ್ಲ ಅಂದು ಆಮೇಲೆ ತೆಗೀತೀರಾ?"

"ಇಲ್ಲಮ್ಮಾ."

"ಸೂಜಿ ಹಾಕಿ ಮಲಗಿಸ್ತೀರಾ?"

"ಅದಕ್ಕೆ ಸೂಜಿ ಬೇಕಾಗಿಲ್ಲ. ಎಚ್ಚರ ಇರ್ತೀರಿ. ಹತ್ತು ನಿಮಿಷ."

ವಿಮಲಕ್ಕ ಗಂಡನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ. ಆ ಕಾಗದದ ಮೇಲಿನ ಚುಕ್ಕೆಯನ್ನು ನೋಡುತ್ತಿದ್ದರು. "ಎಚ್ಚರ ಇರ್ತೀನಿ ಅಂದ್ರೆ ಮಾಡಿ" ಎಂದರು. "ನಮ್ಮಕ್ಕ ಮಲಗಿದ್ದಕ್ಕೇ ಹೋಯ್ತು."

ಅದನ್ನು ಮಾಡುವಾಗ ಜಹನಾರಾ ವಿಮಲಕ್ಕನ ತಲೆಯ ಹತ್ತಿರ ನಿಂತರು. ನಾನು ಪರದೆಯ ಈಚೆ. ಪ್ರಭುಲಿಂಗಪ್ಪನವರು ಬಾಗಿಲ ಹೊರಗೆ. ಒಳಗಿನಿಂದ ಗ್ಯಾಸು ಹೋಗುವ ಸುಯ್ ಎನ್ನುವ ಸದ್ದು, ಅದರ ಮಧ್ಯೆ ವಿಮಲಕ್ಕನ ಪ್ರಶ್ನೆಗಳು.

"ಈಗೇನು ಮಾಡ್ತಿದ್ದೀರಿ?"

"ಹೆಪ್ಪುಗಟ್ಟಿಸ್ತಾ ಇದ್ದೀನಿ."

"ಕೈಯಲ್ಲೇನಿದೆ, ತೋರಿಸಿ."

"ಅಮ್ಮಾ, ಕೈ ತೆಗೆದ್ರೆ ಆಗಲ್ಲ, ಸ್ವಲ್ಪ ಇರಿ."

"ಸಿಸ್ಟರ್, ನೀವು ನೋಡಿ ಹೇಳಿ, ಕತ್ತರಿ ಇದೆಯಾ?"

"ಇಲ್ಲಮ್ಮಾ, ಖುದಾ ಕಸಂ. ಕೊಳವೆ ಒಂದೇ ಇದೆ."

ಬಾಗಿಲ ಹೊರಗಿನಿಂದ ಪ್ರಭುಲಿಂಗಪ್ಪನವರು, "ಲೇ, ಅವರಿಗೆ ಕೆಲಸ ಮಾಡೋಕೆ ಬಿಡೇ" ಎಂದರು.

"ನೀವು ಸುಮ್ಮನಿರ್ರೀ. ನಿಮ್ಮದೇನು ಹೋಗುತ್ತೆ?"

ಡಾಕ್ಟರಮ್ಮ ನಕ್ಕಿದ್ದು ಪರದೆಯ ಈಚೆಗೂ ಕೇಳಿಸಿತು.

ಕೆಲವು ವಾರ ನೀರು ಹೋಗುತ್ತದೆ, ಭಾರ ಎತ್ತಬಾರದು ಎಂದು ಹೇಳಿ ಕಳಿಸಿದರು. ಹೇಳಿದಂತೆಯೇ ನೀರು ಹೋಯಿತು. ಅವರು ಹೇಳಿದ್ದಕ್ಕಿಂತ ಹೆಚ್ಚು ಎಂದು ವಿಮಲಕ್ಕನಿಗೆ ಅನಿಸಿತು. ಹೊಟ್ಟೆಯ ಕೆಳಗೆ ಹಗುರವಾದ ಹಾಗೆ, ಏನೋ ಇದ್ದ ಜಾಗ ಖಾಲಿಯಾದ ಹಾಗೆ ಅನಿಸತೊಡಗಿತು. ಸಾಬಮ್ಮನವರೂ ಆಪರೇಷನ್ ಆದ ಮೇಲೆ ಇದೇ ಮಾತು ಹೇಳಿದ್ದರಂತೆ: ಹಗುರ ಆತು, ಆದರ ಒಳ್ಳೆ ಹಗುರ ಅಲ್ಲ.

ಒಂದು ಬೆಳಿಗ್ಗೆ ವಿಮಲಕ್ಕ ನಮ್ಮ ಮನೆ ಬಾಗಿಲಿಗೆ ಬಂದು, "ತಂಗಿ, ನಡಿ ಶಿವಾಜಿನಗರಕ್ಕೆ. ಅಲ್ಲಿ ಸ್ಕ್ಯಾನ್ ಮಾಡ್ತಾರಂತೆ. ಆ ಸ್ಕ್ಯಾನಿನವರಿಗೂ ಈ ಆಸ್ಪತ್ರೆಗೂ ಸಂಬಂಧ ಇಲ್ಲ, ವಿಚಾರಿಸಿದ್ದೀನಿ" ಎಂದರು. ಪ್ರಭುಲಿಂಗಪ್ಪನವರಿಗೆ ಹೇಳಿರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೊದಲ ಮಹಡಿಯ ಮೇಲೆ ಆ ಸ್ಕ್ಯಾನ್ ಕೋಣೆ. ಹೊಟ್ಟೆ ತುಂಬ ನೀರು ಕುಡಿದು, ಮೂತ್ರಕ್ಕೆ ಹೋಗದೆ ಕಾಯಬೇಕು ಎಂದರು. ವಿಮಲಕ್ಕ ಕುಡಿದು ಕುಡಿದು, ಕಾಲು ಒತ್ತಿಕೊಂಡು, ಗರ್ಭಿಣಿಯರ ಸಾಲಿನಲ್ಲಿ ಕೂತರು. ಪಕ್ಕದಲ್ಲಿದ್ದ ಬುರ್ಖಾದ ಹುಡುಗಿ, "ಎಷ್ಟು ತಿಂಗಳು ಆಂಟಿ?" ಎಂದು ಕೇಳಿದಳು. "ತಿಂಗಳಲ್ಲಮ್ಮ, ಇದೆಯೋ ಇಲ್ವೋ ನೋಡೋಕೆ ಬಂದಿದ್ದೀನಿ" ಎಂದರು ವಿಮಲಕ್ಕ. ಹುಡುಗಿಗೆ ಅರ್ಥವಾಗಲಿಲ್ಲ.

ಸ್ಕ್ಯಾನ್ ಮಾಡುವ ಡಾಕ್ಟರು ಚಿಕ್ಕ ವಯಸ್ಸಿನವರು. "ಏನು ತೊಂದರೆ?" ಎಂದರು.

"ತೊಂದರೆ ಇಲ್ಲ. ಗರ್ಭಕೋಶ ಇದೆಯಾ ನೋಡಿ ಹೇಳಿ."

"ಯಾರು ಕಳಿಸಿದ್ದು?"

"ಯಾರೂ ಕಳಿಸಿಲ್ಲ. ಕಳಿಸಿದ್ರೆ ಅವರು ಹೇಳಿದ ಹಾಗೇ ನೀವೂ ಹೇಳ್ತೀರಿ."

ಅವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ತಣ್ಣನೆಯ ಅಂಟು ಸವರಿ ಹೊಟ್ಟೆಯ ಮೇಲೆ ಓಡಾಡಿಸಿ, ಟಿವಿಯಂಥ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಮಂಜಿನಲ್ಲಿ ಯಾವುದೋ ಗುಡ್ಡ ಕಂಡ ಹಾಗೆ ಕಂಡಿತು.

"ಇದೇ ಅಮ್ಮ. ಇದು ಗರ್ಭಕೋಶ. ಇಲ್ಲಿಂದ ಇಲ್ಲಿವರೆಗೆ."

"ಪೂರ್ತಿ ಇದೆಯಾ?"

"ಪೂರ್ತಿ ಇದೆ."

"ನನ್ನದೇನಾ ಇದು? ಮುಂಚೆ ಬಂದೋರದ್ದು ಹಂಗೇ ಉಳಿದಿರೋದಲ್ಲ ತಾನೆ?"

ಅವರು ಕೈ ನಿಲ್ಲಿಸಿ, "ಕೆಮ್ಮಿ" ಎಂದರು. ವಿಮಲಕ್ಕ ಕೆಮ್ಮಿದರು. ಪರದೆಯ ಮೇಲೆ ಆ ಬೂದು ಗುಡ್ಡ ಅಲುಗಿತು. ಇನ್ನೊಮ್ಮೆ ತಾವಾಗಿಯೇ ಕೆಮ್ಮಿ ನೋಡಿದರು. ಅದೂ ಅಲುಗಿತು. ವಿಮಲಕ್ಕನ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳದೆ, "ಸರಿ ಡಾಕ್ಟ್ರೇ. ಈಗ ಬಚ್ಚಲು ಎಲ್ಲಿದೆ ಹೇಳಿ" ಎಂದರು.

ಅಲ್ಲಿಂದ ಕೆಳಗಿಳಿದು, ಎದುರಿಗಿದ್ದ ಬೂತಿನಿಂದಲೇ ಊರಿಗೆ ಫೋನು ಮಾಡಿದರು.

"ಅಕ್ಕಾ, ಐತಿ. ನಾನಾ ಕಣ್ಣಾರೆ ನೋಡೀನಿ. ತಗದಿಲ್ಲ. ಆ ಜಾಗ ಅಷ್ಟ ಹೆಪ್ಪುಗಟ್ಟಿಸಿ ಬಿಟ್ಟಾರ."

ಆ ಕಡೆಯಿಂದ ಸಾಬಮ್ಮನವರ ದನಿ ಬಂತು. ಈ ಸಲ ಅದು ಹೊರಗೆ ಕೇಳುವಷ್ಟು ದೊಡ್ಡದಾಗಿರಲಿಲ್ಲ. ಏನೆಂದರು ಎಂದು ನನಗೆ ವಿಮಲಕ್ಕ ಆಮೇಲೆ ಹೇಳಿದ್ದು. "ಹಂಗಾರ ನಂದ್ಯಾಕ ತಗದ್ರು, ವಿಮಲಿ?" ಎಂದು ಕೇಳಿದರಂತೆ.

ಬಸ್ಸಿನಲ್ಲಿ ವಿಮಲಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತರು. ಹಲಸೂರು ಕೆರೆ ದಾಟುವಾಗ, "ಅಕ್ಕನಿಗೆ ಒಬ್ಬರಾದ್ರೂ ಒಳಗೆ ನಿಂತಿರ್ಲಿಲ್ಲ ತಂಗಿ. ಭಾವ ಹೊರಗೆ ಬೀಡಿ ಸೇದ್ತಾ ಕೂತಿದ್ರು. ಒಳಗೆ ಕೇಳೋರು ಯಾರೂ ಇರ್ಲಿಲ್ಲ" ಎಂದರು.

ಸೋಮವಾರ ಬಳಗದಲ್ಲಿ ಅವರು ಎಲ್ಲವನ್ನೂ ಹೇಳಿದರು, ಬೇವಿನ ಸೊಪ್ಪಿನ ತಪ್ಪು ತಮ್ಮದೇ ಎಂಬುದನ್ನೂ. ಶಾಂತವೀರಮ್ಮ ಬಿಡಲಿಲ್ಲ. "ನಿನ್ನ ಮಾತು ಹೆಂಗೆ ನಂಬೋದು? ಅವರ ಕಡೆ ಸೇರ್ಕೊಂಡಿದ್ದೀಯೋ ಏನೋ."

"ನಂಬಬೇಡ" ಎಂದರು ವಿಮಲಕ್ಕ. "ನಾನೂ ನಂಬಿಲ್ಲ. ನೀನು ಬಾ. ನೀನು ಒಳಗಿರೋವಾಗ ನಾನು ಪಕ್ಕದಲ್ಲಿ ನಿಲ್ತೀನಿ. ಮುಂದೆ ನಾನು ಮತ್ತೆ ತೋರಿಸೋಕೆ ಹೋದಾಗ ನೀನು ನಿಲ್ಲು."

ಆಸ್ಪತ್ರೆಗೆ ಬಂದವರು ಅರ್ಧದಷ್ಟು ಜನ. ಯಾರೂ ಒಳಗೆ ತೊಳೆದುಕೊಂಡಿರಲಿಲ್ಲ, ಎಲ್ಲರ ಮುಖದಲ್ಲೂ ಅದರ ನಾಚಿಕೆ ಇತ್ತು. ಮೊದಲು ಶಾಂತವೀರಮ್ಮ ಹೋದರು. ಅವರ ಹಿಂದೆಯೇ ವಿಮಲಕ್ಕ ಪರದೆ ಸರಿಸಿ ಒಳಗೆ ನುಗ್ಗಿದರು.

"ನೀವು ಹೊರಗಿರಿ ಅಮ್ಮಾ, ಇಲ್ಲಿ ಜಾಗ ಇಲ್ಲ" ಎಂದರು ಡಾಕ್ಟರಮ್ಮ.

"ಇರ್ಲಿ ಬಿಡಿ, ನಾನು ಗೋಡೆಗೆ ಒರಗಿ ನಿಲ್ತೀನಿ. ನೀವು ನಿಮ್ಮ ಕೆಲಸ ಮಾಡಿ, ನಾನು ನೋಡ್ತಿರ್ತೀನಿ."

ಡಾಕ್ಟರಮ್ಮ ಜಹನಾರಾ ಕಡೆ ನೋಡಿದರು. ಜಹನಾರಾ ದೀಪದ ಸ್ಟ್ಯಾಂಡನ್ನು ಸ್ವಲ್ಪ ಈಚೆಗೆ ಎಳೆದು ವಿಮಲಕ್ಕನಿಗೆ ಜಾಗ ಮಾಡಿಕೊಟ್ಟರು. ಬಳಗದ ಕೊನೆಯವಳ ಸರದಿ ಮುಗಿಯುವವರೆಗೆ ವಿಮಲಕ್ಕ ಅಲ್ಲಿಂದ ಕದಲಲಿಲ್ಲ.